ಗಿಟಾರಿನ ‘ಗುಂಯ್’ ಸದ್ದು: ಮೂಲ ಹುಡುಕಿ ನಿಲ್ಲಿಸುವ ಕ್ರಮ

ಆಂಪ್ ಹಾಕಿ ವಾಲ್ಯೂಮ್ ಏರಿಸುತ್ತೀರಿ. ತಂತಿಗೆ ಬೆರಳು ತಾಕುವ ಮೊದಲೇ ಸ್ಪೀಕರಿನಿಂದ ‘ಗುಂಯ್’ ಎಂದು ಒಂದು ಸ್ವರ ಹೊರಡುತ್ತದೆ. ಅದಕ್ಕೂ ಒಂದು ಶ್ರುತಿ ಇದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿದರೆ ಬರುವ ಜಿ ಸ್ವರ 49 ಹರ್ಟ್ಸ್. ಆ ಸ್ವರವನ್ನು ಮೀಟಿ ಹಾಗೇ ಬಿಟ್ಟು ಕಿವಿಗೊಡಿ: ಎರಡೂ ಸೇರಿ ಸೆಕೆಂಡಿಗೆ ಸುಮಾರು ಒಂದು ಸಲ ಉಬ್ಬಿ ಇಳಿಯುವುದು ಕೇಳಿಸುತ್ತದೆ. ಹಾಗೆ ಅಲೆಯಾಡಿದರೆ, ನಿಮ್ಮನ್ನು ಕಾಡುತ್ತಿರುವುದು ಗೋಡೆಯ ವಿದ್ಯುತ್ತೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಗಿಟಾರಿನಲ್ಲಿ ಅದೇ ಜಾಗದ ಸ್ವರ 98 ಹರ್ಟ್ಸ್. ಈ ‘ಗುಂಯ್’ ಸದ್ದಿನ (ಇದನ್ನೇ ಹಮ್ ಎನ್ನುವುದು) ಎರಡನೇ ಪಟ್ಟು 100 ಹರ್ಟ್ಸ್ ಆದ್ದರಿಂದ ಅಲ್ಲಿ ಅಲೆ ತುಸು ಬೇಗ ಬರುತ್ತದೆ.

ನಾನು ಬೆಂಗಳೂರಿನ ವಾದ್ಯಗೋಷ್ಠಿಗಳಲ್ಲಿ ಬೇಸ್ ನುಡಿಸುತ್ತೇನೆ, ಬಿಡುವಿನಲ್ಲಿ ಗೆಳೆಯರ ವಾದ್ಯಗಳನ್ನು ಬಿಚ್ಚಿ ರಿಪೇರಿ ಮಾಡುತ್ತೇನೆ. ನನ್ನ ಬಳಿ ಬರುವವರು ಸಾಮಾನ್ಯವಾಗಿ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ: ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಬದಲಿಸಬೇಕು, ಇಲ್ಲವೇ ದುಬಾರಿ ಕೇಬಲ್ ಕೊಳ್ಳಬೇಕು. ವಾದ್ಯವನ್ನು ನನ್ನ ಮನೆಯ ಸಾಕೆಟ್ಟಿಗೆ ಹಾಕಿದ ಆಂಪಿನಲ್ಲಿ ನುಡಿಸಿ ನೋಡಿದರೆ ಎಷ್ಟೋ ಸಲ ಸದ್ದೇ ಇರುವುದಿಲ್ಲ. ದೋಷ ಇದ್ದದ್ದು ಅವರ ಗೋಡೆಯಲ್ಲಿ. ಸದ್ದು ಒಳಗೆ ನುಸುಳಲು ದಾರಿಗಳು ಹಲವು, ಒಂದೊಂದಕ್ಕೂ ಮದ್ದು ಬೇರೆ. ಆದ್ದರಿಂದ ಯಾವ ದಾರಿ ಎಂದು ಗೊತ್ತಾಗುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಮೊದಲು ಕಿವಿ

ಮೂರು ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿಯಿರಿ. ದುಂಡಗೆ, ತಗ್ಗು ದನಿಯಲ್ಲಿ ಬರುವ ‘ಗುಂಯ್’ ಹೆಚ್ಚಾಗಿ ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರದಿಂದ ಅಥವಾ ಅರ್ತ್ ವೈರುಗಳು ಸುತ್ತಿಕೊಂಡು ಆದ ಕುಣಿಕೆಯಿಂದ ಬರುತ್ತದೆ. ದುಂಬಿ ಡಬ್ಬಿಯಲ್ಲಿ ಸಿಕ್ಕಿಹಾಕಿಕೊಂಡಂತೆ ಮೊನಚಾಗಿ ಕೇಳುವ ‘ಝರ್’ ಸದ್ದು ಸುತ್ತಲಿನ ವೈರಿಂಗಿನ ವಿದ್ಯುತ್ ಕ್ಷೇತ್ರದ್ದು ಅಥವಾ ರೆಗ್ಯುಲೇಟರು, ಡಿಮ್ಮರುಗಳದ್ದು. ಅದು ವಾದ್ಯದೊಳಗೆ ಇಂಥ ಸದ್ದನ್ನು ತಡೆಯುವ ಸರಿಯಾದ ಲೋಹದ ಹೊದಿಕೆಯಿಲ್ಲ ಎಂಬುದರ ಸೂಚನೆ. ‘ಚಟಪಟ’ ಎಂದು ಬಿಟ್ಟು ಬಿಟ್ಟು ಬಂದರೆ ಜಾಕ್ ಸಡಿಲವಾಗಿದೆ, ಬೆಸುಗೆ ಬಿಟ್ಟಿದೆ, ಇಲ್ಲವೇ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದೆ.

ಒಂದೊಂದೇ ಕಳಚಿ ನೋಡಿ

ಗಿಟಾರಿಗೂ ಆಂಪಿಗೂ ನಡುವೆ ಇರುವ, ನಾದ ಬದಲಿಸುವ ಪೆಡಲುಗಳನ್ನೆಲ್ಲ ಬದಿಗಿಡಿ. ಆಂಪಿಗೆ ಏನನ್ನೂ ಚುಚ್ಚದೆ ವಾಲ್ಯೂಮನ್ನು ಎಂದಿನ ಮಟ್ಟಕ್ಕೆ ಏರಿಸಿ. ಆಗಲೂ ಜೋರಾಗಿ ಗುಂಯ್‌ಗುಟ್ಟಿದರೆ ಗಿಟಾರಿನ ತಪ್ಪೇನೂ ಇಲ್ಲ. ಹಳೆಯ ಆಂಪುಗಳಲ್ಲಿ ಫಿಲ್ಟರ್ ಕೆಪಾಸಿಟರ್ ಒಣಗಿದಾಗ ಹೀಗಾಗುತ್ತದೆ. ಅದನ್ನು ತಿಳಿದವರ ಕೈಗೆ ಕೊಡಿ. ವಾಲ್ವ್ ಆಂಪಿನೊಳಗೆ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರುತ್ತದೆ. ಅದನ್ನು ನೀವಾಗಿ ಬಿಚ್ಚಲೇಬೇಡಿ.

ಆಂಪ್ ಸುಮ್ಮನಿದ್ದರೆ ಗಿಟಾರನ್ನು ನೇರವಾಗಿ ಚುಚ್ಚಿ, ಗಿಟಾರಿನ ವಾಲ್ಯೂಮನ್ನು ಸೊನ್ನೆಗೆ ಇಳಿಸಿ. ಸೊನ್ನೆಯಲ್ಲಿ ಸಾಮಾನ್ಯ ವೈರಿಂಗಿನ ಗಿಟಾರಿನ ಸಿಗ್ನಲ್ ಅರ್ತಿಗೆ ಸೇರಿಬಿಡುತ್ತದೆ, ಪಿಕಪ್ ಲೆಕ್ಕದಿಂದ ಹೊರಗೆ. ಈಗಲೂ ಸದ್ದಿದ್ದರೆ ಕೇಬಲ್, ಜಾಕ್ ಅಥವಾ ಗೋಡೆಯ ಅರ್ತಿಂಗ್ ಕಡೆ ನೋಡಿ. ವಾಲ್ಯೂಮ್ ಏರಿಸಿದಂತೆ ಸದ್ದೂ ಏರಿದರೆ ಮಾತ್ರ ಅದು ಗಿಟಾರಿನೊಳಗಿಂದ ಬರುತ್ತಿದೆ.

ಕೇಬಲ್ ವಿಚಾರದಲ್ಲಿ ಒಂದು ತಪ್ಪನ್ನು ಪದೇಪದೇ ಕಂಡಿದ್ದೇನೆ. ಸ್ಪೀಕರ್ ಕೇಬಲಿಗೂ ಗಿಟಾರ್ ಕೇಬಲಿಗೂ ತುದಿಯ ಪ್ಲಗ್ ಒಂದೇ ಥರ, ಮನೆಯಲ್ಲಿ ಎರಡೂ ಬೆರೆತುಹೋಗಿರುತ್ತವೆ. ಪ್ಲಗ್ಗಿನ ಮುಚ್ಚಳ ತಿರುಗಿಸಿ ಬಿಚ್ಚಿ. ನಡುವೆ ಒಂದು ವೈರು, ಅದರ ಸುತ್ತ ಜಡೆಯಂತೆ ಹೆಣೆದ ಅಥವಾ ಸುತ್ತಿದ ತಾಮ್ರದ ಎಳೆಗಳು ಕಂಡರೆ ಅದು ಗಿಟಾರಿನದು. ಒಂದೇ ರೀತಿಯ ಎರಡು ವೈರುಗಳು ಅಕ್ಕಪಕ್ಕ ಇದ್ದರೆ ಅದು ಸ್ಪೀಕರಿನದು. ಅದನ್ನು ಗಿಟಾರಿಗೆ ಹಾಕುವುದೆಂದರೆ ಉದ್ದನೆಯ ಆಂಟೆನಾ ಕಟ್ಟಿಕೊಂಡಂತೆ.

ಗೋಡೆಯ ಮೂರನೇ ತೂತು

ಹನುಮಂತನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಬೇಸ್ ನುಡಿಸುವಾಗ ಮುಂಗೈ ಬ್ರಿಡ್ಜಿನ (ವಾದ್ಯದ ಮೈಮೇಲೆ ತಂತಿಗಳನ್ನು ಹಿಡಿದಿಡುವ ಭಾಗ) ಲೋಹಕ್ಕೆ ತಾಕಿದರೆ ಇರುವೆ ಹರಿದಾಡಿದ ಹಾಗೆ ಜುಮ್ಮೆನ್ನುತ್ತಿತ್ತು. ಬರಿಗಾಲಿನಲ್ಲಿ ನೆಲದ ಮೇಲೆ ನಿಂತರೆ ಇನ್ನೂ ಹೆಚ್ಚು. ಸಾಕೆಟ್ಟಿಗೆ ಮೂರು ತೂತುಗಳಿದ್ದವು. ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ ಆಫ್ ಮಾಡಿ ಬೋರ್ಡಿನ ಸ್ಕ್ರೂ ಬಿಚ್ಚಿ ನನ್ನನ್ನು ಕರೆದರು. “ನೋಡಿ ಸರ್, ಕೆಂಪು ಇದೆ, ಕಪ್ಪು ಇದೆ. ಹಸಿರು ಎಲ್ಲಿದೆ?” ಮೇಲಿನ ದಪ್ಪ ತೂತಿನ ಹಿಂದೆ ಖಾಲಿ ಹಿತ್ತಾಳೆ ಟರ್ಮಿನಲ್, ಅದರ ಮೇಲೆ ಸುಣ್ಣದ ಧೂಳು. ಕಟ್ಟಿದಾಗಿನಿಂದ ಅಲ್ಲಿಗೆ ಅರ್ತ್ ವೈರನ್ನೇ ಎಳೆದಿರಲಿಲ್ಲ.

ಹೀಗಾದಾಗ ಮೂರು ಪಿನ್ನಿನ ಆಂಪಿನ ಲೋಹದ ಚೌಕಟ್ಟು ನೆಲದ ಆಸರೆಯಿಲ್ಲದೆ ತೇಲುತ್ತದೆ. ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಅಲ್ಲಿ ಮೇನ್ಸ್ ವೋಲ್ಟೇಜಿನ ಅರ್ಧದಷ್ಟು ಕಾಣಿಸಿಕೊಳ್ಳಬಹುದು. ಕೇಬಲಿನ ಹೊರಜಡೆ, ಗಿಟಾರಿನ ಬ್ರಿಡ್ಜ್, ತಂತಿಗಳು ಎಲ್ಲವೂ ಆ ಚೌಕಟ್ಟಿಗೇ ಸೇರಿರುವುದರಿಂದ ನಿಮ್ಮ ಮೈಯೇ ಅರ್ತ್ ವೈರ್ ಆಗುತ್ತದೆ. ಸದ್ದು ಬರುವುದೂ ಅದರಿಂದಲೇ.

ಸಾಕೆಟ್ ಪರೀಕ್ಷಿಸಲು ಮಲ್ಟಿಮೀಟರನ್ನು ಎಸಿ 600 ಅಥವಾ 750 ವೋಲ್ಟ್ ಮಟ್ಟಕ್ಕೆ ತಿರುಗಿಸಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ತೋರಿಸಬೇಕು. ಫೇಸ್ ಮತ್ತು ಅರ್ತ್ ನಡುವೆ ಅರೆಬರೆ ಅಂಕಿ ಬಂದರೆ ಅರ್ತ್ ಇಲ್ಲವೆಂದೇ ತಿಳಿಯಿರಿ. ಮೀಟರ್ 230 ತೋರಿಸಿದ ಮಾತ್ರಕ್ಕೆ ಅರ್ತಿಂಗ್ ಗಟ್ಟಿಯಾಗಿದೆ ಎನ್ನಲಾಗದು. ಅದರ ರೋಧವನ್ನು ಎಲೆಕ್ಟ್ರಿಷಿಯನ್ ಬೇರೆ ಉಪಕರಣದಿಂದ ಅಳೆಯಬೇಕು. ಮೇನ್ಸ್ ಮುಟ್ಟಿ ಅಭ್ಯಾಸವಿಲ್ಲದವರು ಈ ಇಡೀ ಹಂತವನ್ನು ಅವರಿಗೇ ಬಿಡಿ. ಉಪ್ಪು, ಇದ್ದಿಲು ತುಂಬಿದ ಹಳೆಯ ಅರ್ತ್ ಗುಂಡಿ ಮನೆಗಿದ್ದರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಕು. ಮಣ್ಣು ಒಣಗಿದಷ್ಟೂ ಅರ್ತಿನ ರೋಧ ಏರುತ್ತದೆ. ಮಾರ್ಚ್ ಬಂದ ಕೂಡಲೇ ಹಮ್ ಹೆಚ್ಚಾಯಿತು ಎನ್ನುವವರನ್ನು ನಾನು ಮೊದಲು ಕೇಳುವುದು ಗುಂಡಿಯ ವಿಚಾರವನ್ನೇ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಇದೆಯೇ ಎಂದೂ ನೋಡಿಸಿ, ಇಲ್ಲದಿದ್ದರೆ ಹಾಕಿಸಿ.

ಮನೆಯೊಳಗಿನ ಗದ್ದಲ

ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ವಾಲ್ಯೂಮ್ ಪೂರ್ತಿ ಏರಿಸಿ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಹಮ್ ಜೋರಾಗಿ, ಇನ್ನೊಂದರಲ್ಲಿ ಬಹುತೇಕ ಮಾಯವಾದರೆ ಅದು ಕಾಂತಕ್ಷೇತ್ರದ ಕೆಲಸ. ಅದರ ತವರು ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆಗಳು: ಫ್ರಿಜ್ಜಿನ ಸ್ಟೆಬಿಲೈಸರ್, ಮೆಟ್ಟಿಲ ಕೆಳಗಿನ ಇನ್ವರ್ಟರ್, ಹಳೆಯ ಟ್ಯೂಬ್‌ಲೈಟಿನ ಭಾರದ ಚೋಕ್, ಕೊನೆಗೆ ನಿಮ್ಮದೇ ಆಂಪ್. ಇದನ್ನು ತಾಮ್ರದ ಹಾಳೆ ತಡೆಯುವುದಿಲ್ಲ. ದೂರ ಸರಿಯುವುದೇ ಮದ್ದು, ಒಂದೆರಡು ಮೀಟರಿಗೇ ದೊಡ್ಡ ವ್ಯತ್ಯಾಸ ತಿಳಿಯುತ್ತದೆ. ಆಂಪಿನ ಮೇಲೆ ಕುಳಿತು ಅಭ್ಯಾಸ ಮಾಡುವ ಹುಡುಗರಿಗೆ ನಾನು ಮೊದಲು ಹೇಳುವುದು ಎದ್ದು ಆಚೆ ಕುಳಿತುಕೊಳ್ಳಿ ಎಂದು.

ತಿರುಗಿದರೂ ಬದಲಾಗದ ‘ಝರ್’ ಇದ್ದರೆ ಫ್ಯಾನಿನ ರೆಗ್ಯುಲೇಟರನ್ನು ನೋಡಿ. ನುಣ್ಣಗೆ ತಿರುಗುವ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ಟ್ರಯಾಕ್ ಎಂಬ ಬಿಡಿಭಾಗದಿಂದ ವಿದ್ಯುತ್ತಿನ ಅಲೆಯನ್ನು ಅರ್ಧಕ್ಕೆ ಕತ್ತರಿಸುತ್ತವೆ, ಆ ಕತ್ತರಿಯ ಮೊನೆಯೇ ಸ್ಪೀಕರಿನಲ್ಲಿ ಕೇಳುವುದು. ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟಾಗ ಸದ್ದು ತಗ್ಗಿ, ಎರಡಕ್ಕೋ ಮೂರಕ್ಕೋ ಇಟ್ಟಾಗ ಏರಿದರೆ ಕಳ್ಳ ಸಿಕ್ಕ ಹಾಗೆಯೇ. ಟಕ್ ಟಕ್ ಎಂದು ಹಂತ ಹಂತವಾಗಿ ತಿರುಗುವ, ಕೆಪಾಸಿಟರ್ ಬಳಸುವ ರೆಗ್ಯುಲೇಟರ್ ಹಾಕಿಸಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳನ್ನೂ ಒಂದೊಂದಾಗಿ ಆಫ್ ಮಾಡಿ ಕೇಳಿ.

ಕರೆಂಟ್ ಹೋದಾಗ ಮಾತ್ರ ಸದ್ದು ಕರ್ಕಶವಾಗುವುದಾದರೆ ನಿಮ್ಮ ಇನ್ವರ್ಟರ್ ಚೌಕ ಅಲೆಯದು. ಸೈನ್ ಅಲೆಯ ಇನ್ವರ್ಟರಿಗೆ ಬದಲಾಯಿಸುವವರೆಗೆ, ಆ ಹೊತ್ತಿನಲ್ಲಿ ಆಂಪಿಲ್ಲದೆ ಅಭ್ಯಾಸ ಮಾಡಿ.

ಮುಟ್ಟಿ ನೋಡುವ ಪರೀಕ್ಷೆ

ಇದು ಸಾಕೆಟ್ಟಿನಲ್ಲಿ ಅರ್ತ್ ಇದೆ ಎಂದು ಖಚಿತವಾದ ಮೇಲೆ ಮಾತ್ರ. ತಂತಿಗಳ ಮೇಲೆ ಅಂಗೈ ಇಡಿ. ಸದ್ದು ತಗ್ಗಿದರೆ ಗಾಬರಿ ಬೇಡ, ಅದು ಇರಬೇಕಾದ ರೀತಿಯೇ. ನಮ್ಮ ದೇಹ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಹಿಡಿದು ಪಿಕಪ್ಪಿಗೆ ದಾಟಿಸುತ್ತಿರುತ್ತದೆ, ತಂತಿ ಮುಟ್ಟಿದ ಕೂಡಲೇ ಅದು ಅರ್ತಿಗೆ ಇಳಿದುಹೋಗುತ್ತದೆ. ಆ ವ್ಯತ್ಯಾಸ ತುಂಬ ಎದ್ದು ಕಾಣುವಂತಿದ್ದರೆ ಒಳಗೆ ತಾಮ್ರದ ಹೊದಿಕೆ ಬೇಕು ಎಂದರ್ಥ.

ತಂತಿ ಮುಟ್ಟಿದರೆ ಏನೂ ಬದಲಾಗದೆ, ಜಾಕಿನ ಲೋಹ ಮುಟ್ಟಿದರೆ ಸದ್ದು ತಗ್ಗಿದರೆ ಬ್ರಿಡ್ಜಿಗೆ ಹೋಗುವ ಅರ್ತ್ ವೈರ್ ಬಿಟ್ಟಿದೆ. ಕಡಿಮೆ ಬೆಲೆಯ ವಾದ್ಯಗಳಲ್ಲಿ ಇದು ತೀರ ಸಾಮಾನ್ಯ. ಬ್ರಿಡ್ಜಿನ ಅಡಿಯಲ್ಲಿ ಬರಿ ವೈರನ್ನು ಒತ್ತಿ ಬಿಟ್ಟಿರುತ್ತಾರೆ, ಅದು ಕಿಲುಬು ಹಿಡಿಯುತ್ತದೆ ಅಥವಾ ಜಾರುತ್ತದೆ. ಮಲ್ಟಿಮೀಟರನ್ನು ಬೀಪ್ ಮಟ್ಟಕ್ಕಿಟ್ಟು, ಆಂಪಿನಿಂದ ಕಳಚಿದ ಗಿಟಾರಿನ ಒಂದು ತಂತಿಗೂ ಜಾಕಿನ ಹೊರಭಾಗಕ್ಕೂ ಮೊನೆ ಹಿಡಿದರೆ ಬೀಪ್ ಬರಬೇಕು. ಇಎಂಜಿಯಂಥ ಕೆಲವು ಬ್ಯಾಟರಿ ಪಿಕಪ್ಪುಗಳಿಗೆ ಈ ವೈರ್ ಬೇಕಿಲ್ಲ, ಅಲ್ಲಿ ಬೀಪ್ ಬಾರದಿದ್ದರೆ ದೋಷವಲ್ಲ. ಇನ್ನು ತಂತಿ ಮುಟ್ಟಿದಾಗ ಸದ್ದು *ಹೆಚ್ಚಾದರೆ* ಜಾಕಿನಲ್ಲಿ ಎರಡು ವೈರುಗಳು ಅದಲುಬದಲಾಗಿರಬಹುದು. ಹಿಂದೆ ಯಾರಾದರೂ ಬೆಸುಗೆ ಹಾಕಿದ್ದಾರೆಯೇ ಎಂದು ವಿಚಾರಿಸಿ.

ತಾಮ್ರದ ಹೊದಿಕೆ

ಇಡೀ ಕೆಲಸದಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಇದು. ಒಂದು ಭಾನುವಾರ ಸಾಕು. ಬೇಕಾದ ಸಾಮಾನೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯ ಗಲ್ಲಿಗಳಲ್ಲಿ ಸಿಗುತ್ತದೆ: ಅಗಲವಾದ ತಾಮ್ರದ ಟೇಪ್, 40ರಿಂದ 60 ವಾಟಿನ ಸೋಲ್ಡರಿಂಗ್ ಐರನ್, ರೆಸಿನ್ ಇರುವ ಸೀಸದ ತಂತಿ, ಸ್ವಲ್ಪ ವೈರು. ಟೇಪ್ ಕೊಳ್ಳುವಾಗ ಅಂಟು ವಿದ್ಯುತ್ ಹರಿಸುತ್ತದೆಯೇ ಎಂದು ನೋಡಬೇಕು. ಅಂಗಡಿಯವರನ್ನು ಕೇಳಿ ಎರಡು ಚಿಕ್ಕ ತುಂಡುಗಳನ್ನು ಒಂದರ ಮೇಲೊಂದು ಅಂಚು ಬರುವಂತೆ ಅಂಟಿಸಿ ಮೀಟರ್ ಹಿಡಿದರೆ ಅಲ್ಲೇ ಗೊತ್ತಾಗುತ್ತದೆ. ಬೀಪ್ ಬಾರದಿದ್ದರೂ ಟೇಪ್ ಕೆಲಸಕ್ಕೆ ಬರುತ್ತದೆ, ಆದರೆ ಪ್ರತಿ ಸೇರುವೆಗೂ ಒಂದು ಹನಿ ಬೆಸುಗೆ ಹಾಕಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ನಾನು ಬಳಸುವುದಿಲ್ಲ, ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ.

ತಂತಿಗಳನ್ನು ಕಳಚಿ, ಪಿಕ್‌ಗಾರ್ಡ್ (ಗಿಟಾರಿನ ಮೈಮೇಲಿನ ಪ್ಲಾಸ್ಟಿಕ್ ಹಲಗೆ) ಬಿಚ್ಚಿ. ವೈರುಗಳನ್ನು ಮುಟ್ಟುವ ಮೊದಲು ಮೊಬೈಲಿನಲ್ಲಿ ನಾಲ್ಕು ಕೋನಗಳಿಂದ ಚಿತ್ರ ತೆಗೆದುಕೊಳ್ಳಿ. ಗಿಟಾರಿನ ಮೈಮೇಲೆ ದಪ್ಪ ಬಟ್ಟೆ ಹಾಸಿ, ಒಂದೇ ಒಂದು ಹನಿ ಬಿಸಿ ಸೀಸ ಬಿದ್ದರೂ ಪಾಲಿಶ್ ಹೋಗುತ್ತದೆ. ಪಿಕ್‌ಗಾರ್ಡಿನ ಅಡಿಯಲ್ಲಿ ಮರದಲ್ಲಿ ಕೊರೆದ ಕುಳಿಯ ತಳಕ್ಕೆ ಮೊದಲು, ಗೋಡೆಗಳಿಗೆ ಆಮೇಲೆ ಟೇಪ್ ಹಚ್ಚಿ. ತುಂಡುಗಳು ಒಂದರ ಮೇಲೊಂದು ಅರ್ಧ ಸೆಂಟಿಮೀಟರಾದರೂ ಏರಿರಲಿ. ಹಳೆಯ ಬಾಲ್‌ಪೆನ್ನಿನ ಹಿಂಬದಿಯಿಂದ ಮೂಲೆಗಳನ್ನು ಉಜ್ಜಿದರೆ ಸುಕ್ಕು ಹೋಗಿ ಮರಕ್ಕೆ ಅಂಟಿಕೊಳ್ಳುತ್ತದೆ. ತಾಮ್ರದ ಅಂಚು ಬೆರಳನ್ನು ಬ್ಲೇಡಿನಂತೆ ಕೊಯ್ಯುತ್ತದೆ, ಎಚ್ಚರ. ಕುಳಿಯ ಬಾಯಿಯ ಮೇಲಕ್ಕೆ ಸ್ಕ್ರೂ ತೂತಿನವರೆಗೆ ಒಂದು ನಾಲಿಗೆ ಬಿಟ್ಟು, ಪಿಕ್‌ಗಾರ್ಡಿನ ಹಿಂಬದಿಗೂ ಟೇಪ್ ಹಚ್ಚಿದರೆ ಮುಚ್ಚಿದಾಗ ಎರಡೂ ತಾಕಿ ಪೆಟ್ಟಿಗೆ ಪೂರ್ತಿಯಾಗುತ್ತದೆ.

ಈಗ ತಾಮ್ರವನ್ನು ಅರ್ತಿಗೆ ಸೇರಿಸಬೇಕು. ಸೇರಿಸದ ತಾಮ್ರ ಇದ್ದೂ ಇಲ್ಲದಂತೆ. ವಾಲ್ಯೂಮ್ ಪಾಟಿನ (ಗುಬುಟಿನ ಅಡಿಯಲ್ಲಿರುವ ಲೋಹದ ಬಿಡಿಭಾಗ) ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ, ಅಲ್ಲಿಂದ ಒಂದು ವೈರನ್ನು ತಾಮ್ರಕ್ಕೆ ಬೆಸೆಯಿರಿ. 25 ವಾಟಿನ ಐರನ್ನಿನಲ್ಲಿ ಪಾಟಿನ ಬೆನ್ನು ಕಾಯಲು ತುಂಬ ಹೊತ್ತು ಹಿಡಿದು, ಅಷ್ಟರಲ್ಲಿ ಪಾಟ್ ಒಳಗೇ ಸುಟ್ಟುಹೋಗುತ್ತದೆ. ಚೆನ್ನಾಗಿ ಕಾದ ಐರನ್, ಎರಡು ಮೂರು ಸೆಕೆಂಡು, ಅಷ್ಟೇ. ಕೊನೆಗೆ ಜಾಕಿನ ಸಿಗ್ನಲ್ ತುದಿ ತಾಮ್ರದ ಗೋಡೆಗೆ ತಾಗದಂತೆ ಅದರೆದುರು ಇನ್ಸುಲೇಷನ್ ಟೇಪ್ ಹಚ್ಚಿ. ಇದನ್ನು ಮರೆತರೆ ಗಿಟಾರ್ ಪೂರ್ತಿ ಮೂಕವಾಗುತ್ತದೆ. ನನ್ನ ಮೊದಲ ಗಿಟಾರಿನಲ್ಲಿ ಅದೇ ಆಯಿತು, ಕೇಬಲ್ ಚುಚ್ಚಿದಾಗ ಮಾತ್ರ ಜಾಕಿನ ಎಲೆ ಬಾಗಿ ತಾಮ್ರಕ್ಕೆ ತಾಕುತ್ತಿತ್ತು. ಹುಡುಕಲು ಒಂದು ಸಂಜೆ ಹಿಡಿಯಿತು. ಆದ್ದರಿಂದ ಮುಚ್ಚುವ ಮೊದಲು ಕೇಬಲ್ ಚುಚ್ಚಿಯೇ ಪರೀಕ್ಷಿಸಿ.

ಪಿಕಪ್ ವಿಚಾರ

ಹೊದಿಕೆ ಹಾಕಿದ ಮೇಲೆ ‘ಝರ್’ ಹೋಗುತ್ತದೆ, ‘ಗುಂಯ್’ ಉಳಿಯಬಹುದು. ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಕಾಂತದ ಸುತ್ತ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿ. ಅದಕ್ಕೆ ಗಿಟಾರಿನ ತಂತಿಯ ಕಂಪನ ಯಾವುದು, ಸ್ಟೆಬಿಲೈಸರಿನ ಕಾಂತಕ್ಷೇತ್ರ ಯಾವುದು ಎಂಬ ಭೇದ ತಿಳಿಯದು. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಇದಕ್ಕೆ ಸೊಗಸಾದ ಉಪಾಯ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದರು. ಎರಡು ಕಾಯಿಲ್‌ಗಳು, ಸುತ್ತು ಪರಸ್ಪರ ವಿರುದ್ಧ, ಕಾಂತದ ಧ್ರುವವೂ ವಿರುದ್ಧ. ತಂತಿಯ ಸಿಗ್ನಲ್ಲಿಗೆ ಎರಡು ವಿರುದ್ಧಗಳು ಸೇರಿ ಒಂದಾಗುತ್ತವೆ. ಹೊರಗಿನಿಂದ ಬಂದ ಹಮ್ ಕಾಂತದ ಹಂಗಿಲ್ಲದ್ದರಿಂದ ಅಲ್ಲಿ ಸುತ್ತಿನ ವಿರೋಧವೊಂದೇ ಕೆಲಸ ಮಾಡಿ, ಒಂದನ್ನೊಂದು ಅಳಿಸಿಹಾಕುತ್ತವೆ. ಇದೇ ಹಂಬಕರ್.

ನಿಮ್ಮ ಗಿಟಾರಿನಲ್ಲಿ ಈ ಉಪಾಯ ಈಗಾಗಲೇ ಅಡಗಿರಬಹುದು. ಸ್ಟ್ರಾಟೊಕಾಸ್ಟರ್ ಮಾದರಿಯ ಈಚಿನ ಹಲವು ಗಿಟಾರುಗಳಲ್ಲಿ ನಡುವಿನ ಪಿಕಪ್ಪನ್ನು ವಿರುದ್ಧವಾಗಿ ಸುತ್ತಿರುತ್ತಾರೆ, ಸ್ವಿಚ್ಚಿನ ಎರಡನೇ ಮತ್ತು ನಾಲ್ಕನೇ ಸ್ಥಾನದಲ್ಲಿ ಹಮ್ ಇರುವುದಿಲ್ಲ. ಜಾಝ್ ಬೇಸಿನಲ್ಲಿ ಎರಡೂ ವಾಲ್ಯೂಮ್ ಸಮನಾಗಿದ್ದರೆ ನಿಶ್ಶಬ್ದ, ಒಂದನ್ನು ಚೂರು ಇಳಿಸಿದರೂ ಹಮ್ ಇಣುಕುತ್ತದೆ. ಪ್ರಿಸಿಶನ್ ಬೇಸಿನ 1957ರಿಂದೀಚಿನ ಎರಡು ತುಂಡಿನ ಪಿಕಪ್ ತಾನೇ ಹಂಬಕರ್. ಇಷ್ಟೆಲ್ಲ ನೋಡಿದ ಮೇಲೂ ಬೇಕೆನಿಸಿದರೆ, ಅದೇ ಅಳತೆಯ ಜಾಗದಲ್ಲಿ ಕೂರುವ, ಒಂದರ ಮೇಲೊಂದು ಕಾಯಿಲ್ ಇರುವ ಪಿಕಪ್ ಕೊಳ್ಳಿ. ನಾದ ತುಸು ಬದಲಾಗುತ್ತದೆ. ನನಗೆ ಸಿಂಗಲ್ ಕಾಯಿಲಿನ ನಾದವೇ ಇಷ್ಟ, ಅದರ ಅಲ್ಪ ಹಮ್ ಅನ್ನು ಒಪ್ಪಿಕೊಂಡಿದ್ದೇನೆ. ನಾಯ್ಸ್ ಗೇಟ್ ಪೆಡಲ್ ಸುಮ್ಮನಿದ್ದಾಗ ಸದ್ದು ಮುಚ್ಚುತ್ತದೆಯೇ ಹೊರತು ನುಡಿಸುವಾಗ ತೆಗೆಯುವುದಿಲ್ಲ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಪೆಡಲ್ ಮತ್ತು ಲ್ಯಾಪ್‌ಟಾಪ್

ಪೆಡಲುಗಳನ್ನು ಒಂದೊಂದಾಗಿ ಮರಳಿ ಸೇರಿಸಿ. ಯಾವುದು ಬಂದಾಗ ಸದ್ದು ಬಂತೋ ಅದಕ್ಕೆ 9 ವೋಲ್ಟಿನ ಬ್ಯಾಟರಿ ಹಾಕಿ ನೋಡಿ. ಶಾಂತವಾದರೆ ಅಡಾಪ್ಟರಿನದೇ ದೋಷ. ಒಂದೇ ಅಡಾಪ್ಟರಿನಿಂದ ಎಲ್ಲಕ್ಕೂ ಸರಪಳಿ ಎಳೆಯುವ ಬದಲು ಪ್ರತಿ ಪೆಡಲಿಗೂ ಪ್ರತ್ಯೇಕ ಔಟ್‌ಪುಟ್ ಇರುವ ಪವರ್ ಸಪ್ಲೈ ಬಳಸಿ. ರೆಕಾರ್ಡಿಂಗ್ ಮಾಡುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಕೂಡಲೇ ಸದ್ದು ನಿಂತರೆ, ಅರ್ತ್ ಎರಡು ದಾರಿಯಲ್ಲಿ ಸುತ್ತಿ ಬಂದು ಕುಣಿಕೆಯಾಗಿದೆ ಅಥವಾ ಚಾರ್ಜರ್ ಗಲೀಜಾಗಿದೆ. ಆಂಪ್, ಲ್ಯಾಪ್‌ಟಾಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ.

ಪೆಂಡಾಲಿನ ವೇದಿಕೆಯಲ್ಲಿ

ಗಣೇಶನ ಹಬ್ಬ, ರಾಜ್ಯೋತ್ಸವದ ವಾದ್ಯಗೋಷ್ಠಿಗಳಲ್ಲಿ ಜನರೇಟರ್, ಸೀರಿಯಲ್ ಸೆಟ್, ನೂರು ಮೀಟರ್ ಕೇಬಲ್ ಎಲ್ಲ ಒಟ್ಟಿಗೆ ಇರುತ್ತವೆ. ಓಡುವ ದೀಪಗಳ ಕಂಟ್ರೋಲರಿನಿಂದ ಬರುವ ‘ಝರ್’ ಫ್ಯಾನ್ ರೆಗ್ಯುಲೇಟರಿನದೇ ಅಣ್ಣ. ಅವುಗಳ ವೈರನ್ನು ನಿಮ್ಮ ಕೇಬಲಿನ ಪಕ್ಕದಲ್ಲಿ ಎಳೆಯಬೇಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ವೇದಿಕೆಯಲ್ಲಿ ನನ್ನ ಬೇಸ್ ಗುಂಯ್‌ಗುಡುತ್ತಿತ್ತು. ಸೌಂಡ್ ನೋಡಿಕೊಳ್ಳುತ್ತಿದ್ದ ಹುಡುಗ ಓಡಿ ಬಂದು, “ಅಣ್ಣಾ, ಆಂಪಿನ ಅರ್ತ್ ಪಿನ್ ಕಿತ್ತುಬಿಡಿ, ತಾನಾಗಿ ನಿಲ್ಲುತ್ತದೆ” ಎಂದ. ನಿಲ್ಲುತ್ತದೆ, ನಿಜ. ಕುಣಿಕೆ ಕಡಿದಾಗ ಹಮ್ ಹೋಗುತ್ತದೆ. ಜೊತೆಗೆ, ಆಂಪಿನೊಳಗೆ ಫೇಸ್ ವೈರ್ ಎಂದಾದರೂ ಚೌಕಟ್ಟಿಗೆ ತಾಕಿದರೆ ಅದು ಇಳಿದುಹೋಗಲು ಇದ್ದ ಒಂದೇ ದಾರಿಯೂ ಹೋಗುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವ ಹಾಡುಗಾರ ನಡುವೆ ನಿಂತಿರುತ್ತಾನೆ. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ವಿದ್ಯುದಾಘಾತದಿಂದ ಸತ್ತರು. ಅರ್ತ್ ಸರಿಯಿಲ್ಲದ ಮೈಕನ್ನು ಮುಟ್ಟಿದ್ದರು. ಅರ್ತ್ ಪಿನ್ ಕೀಳಲು ಯಾರು ಹೇಳಿದರೂ ಒಪ್ಪಬೇಡಿ.

ಕುಣಿಕೆ ಬಿಡಿಸಲು ಸರಿಯಾದ ದಾರಿ ಬೇರೆಯೇ ಇದೆ. ಆಂಪ್ ಮತ್ತು ಮಿಕ್ಸರಿಗೆ ಒಂದೇ ಕಡೆಯಿಂದ ವಿದ್ಯುತ್ ತೆಗೆದುಕೊಳ್ಳಿ. ಅದಾಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ದಾಟಿಸುವ ಪೆಟ್ಟಿಗೆ) ಇಟ್ಟು, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಕಡಿಯುವುದು ಸಿಗ್ನಲ್ ಕೇಬಲಿನ ಹೊರಜಡೆಯನ್ನು ಮಾತ್ರ, ಆಂಪಿನ ಅರ್ತ್ ಹಾಗೇ ಉಳಿಯುತ್ತದೆ. ಜನರೇಟರಿನ ಚೌಕಟ್ಟಿನಿಂದ ನೆಲಕ್ಕೆ ಹೊಡೆದ ಅರ್ತ್ ಗೂಟಕ್ಕೆ ವೈರ್ ಹೋಗಿದೆಯೇ ಎಂದು ಕಣ್ಣಾರೆ ನೋಡಿ, ಇಲ್ಲದಿದ್ದರೆ ಹಾಕಿಸಿದ ಮೇಲೆ ಮಾತ್ರ ಪ್ಲಗ್ ಚುಚ್ಚಿ.

ಆಮೇಲೆ, ಎಲ್ಲ ಆನ್ ಆದ ಮೇಲೆ, ಯಾರೂ ಹಾಡುವ ಮೊದಲು, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಒಂದು ಮೊನೆಯನ್ನು ಮೈಕಿನ ಜಾಲರಿಗೆ, ಇನ್ನೊಂದನ್ನು ಗಿಟಾರಿನ ತಂತಿಗೆ ಹಿಡಿಯಿರಿ. ಬೆರಳು ಮೊನೆಯ ಲೋಹಕ್ಕೆ ತಾಕದಿರಲಿ. ಸೊನ್ನೆಯ ಹತ್ತಿರ ಇದ್ದರೆ ಸರಿ. ಒಂದೆರಡು ವೋಲ್ಟ್ ದಾಟಿದರೆ ಮೈಕಿನ ಬಳಿ ಯಾರನ್ನೂ ಬಿಡದೆ, ಎಲ್ಲವನ್ನೂ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ನನ್ನು ವೇದಿಕೆಗೆ ಕರೆಸಿ.